ಇಪ್ಪತ್ತೊಂದು ಎಲೆ, ಎರಡು ಭಾಷೆ

ಎರಡು ವರ್ಷಗಳ ಹಿಂದೆ ಗಣೇಶನ ಹಬ್ಬದ ಮರುದಿನ ಬೆಳಿಗ್ಗೆ, ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮೇಲಿನ ಮಹಡಿಯಲ್ಲಿರುವ ಗೆಳತಿಯ ಮನೆಗೆ ಕಡುಬಿನ ಡಬ್ಬಿ ವಾಪಸು ಕೊಡಲು ಹೋಗಿದ್ದೆ. ಅವಳ ಮಗನಿಗೆ ಕೆಮ್ಮು. ಒಲೆಯ ಮೇಲೆ ಕಷಾಯಕ್ಕೆ ನೀರು ಕುದಿಯುತ್ತಿತ್ತು. ಪೂಜೆಗೆ ತಂದ ಪತ್ರೆಯ ಕಟ್ಟಿನಲ್ಲಿ ಉಳಿದಿದ್ದ ಎಲೆಗಳನ್ನು ತಟ್ಟೆಯಲ್ಲಿ ತೊಳೆದಿಟ್ಟಿದ್ದಳು. ತುಳಸಿ, ಒಂದಿಷ್ಟು ಮರುಗ, ಜೊತೆಗೆ ಉದ್ದನೆಯ, ಕಿರಿದಾದ, ದಪ್ಪ ಎಲೆಗಳ ಒಂದು ಕಡ್ಡಿ. “ಇದು ನೀಲಗಿರಿ ಅಲ್ವಾ? ಕೆಮ್ಮಿಗೆ ಒಳ್ಳೇದು” ಎಂದಳು.

ನಾನು ಒಂದೆಲೆ ಕಿತ್ತು ಹಿಸುಕಿ ಮೂಸಿದೆ. ನೀಲಗಿರಿಯ ವಾಸನೆ ಇರಲಿಲ್ಲ. ಕಡ್ಡಿಯನ್ನು ತಿರುಗಿಸಿ ನೋಡಿದೆ. ಒಂದೊಂದು ಗೆಣ್ಣಿನಿಂದಲೂ ಮೂರು ಮೂರು ಎಲೆ ಸುತ್ತುಗಟ್ಟಿ ಹೊರಟಿದ್ದವು. ಅದು ಕಣಗಿಲೆ. ಅದರ ಬೇರು, ತೊಗಟೆ, ಎಲೆ, ಹೂವು ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಒಣಗಿದರೂ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಒಲೆ ಆರಿಸಿ, ಇಬ್ಬರೂ ಕೈ ತೊಳೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಆಮೇಲೆ ಅವಳು ಕೇಳಿದಳು: “ದೇವರಿಗೆ ಏರಿಸಿದ ಪತ್ರೆ ವಿಷ ಹೇಗಾಗತ್ತೆ?”

ಅವಳು ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಕನ್ನಡತಿ. ವ್ರತದ ಪುಸ್ತಕದ ಇಪ್ಪತ್ತೊಂದು ಪತ್ರೆಗಳ ಹೆಸರು ಅವಳಿಗೆ ಬಾಯಿಪಾಠ. ‘ಕರವೀರ ಪತ್ರಂ’ ಎಂದು ಹಿಂದಿನ ದಿನ ಅವಳೇ ಹೇಳಿದ್ದಳು. ಆ ಕರವೀರವೇ ಈ ಕಣಗಿಲೆ. ಹೆಸರು ಗೊತ್ತಿತ್ತು, ಎಲೆ ಗೊತ್ತಿರಲಿಲ್ಲ. ಅಂದಿನಿಂದ ಎಲೆ ನೋಡಿ ಗಿಡ ಗುರುತಿಸುವುದನ್ನು ಜನ ಹೇಗೆ ಕಲಿತರು, ಹೇಗೆ ಬರೆದಿಟ್ಟರು ಎಂದು ಓದತೊಡಗಿದೆ. ತಿಳಿದದ್ದನ್ನು ನಮ್ಮ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮಾರುಕಟ್ಟೆಯ ಕಟ್ಟು

ಇಲ್ಲಿಗೆ ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಫಜೀತಿಯೇ. ನಾನು ಶಿವಮೊಗ್ಗದ ಕಡೆಯವಳು. ಬಾಣಂತಿ ಸ್ನಾನಕ್ಕೆ ಲಕ್ಕಿ ಸೊಪ್ಪು ಬೇಕೆಂದು ಇಲ್ಲಿನ ಸಂತೆಯಲ್ಲಿ ಕೇಳಿದರೆ ಸೊಪ್ಪಿನಾಕೆ ಮುಖ ಮುಖ ನೋಡಿದಳು. ಕೊನೆಗೆ ಅಂಗೈ ಬಿಡಿಸಿ ಐದು ಬೆರಳು ತೋರಿಸಿ, ಎಲೆಯ ಬೆನ್ನು ಬೂದಿ ಬಣ್ಣ ಎಂದೆ. “ವಾವಿಲಾಕಾ ಅಮ್ಮಾ!” ಎಂದು ನಕ್ಕಳು. ಮರುದಿನ ತಂದುಕೊಟ್ಟಳು. ಪುಸ್ತಕದಲ್ಲಿ ‘ಸಿಂಧುವಾರ’ ಎಂದಿರುವುದೂ ಇದೇ. ಮೂರು ಹೆಸರು, ಒಂದೇ ಐದು ಬೆರಳಿನ ಎಲೆ.

ಹೀಗೆ ಒಂದೊಂದೇ ಕಲಿತೆ. ನಮ್ಮ ಅರಳಿ ಇಲ್ಲಿ ರಾವಿ, ಎಕ್ಕ ಜಿಲ್ಲೇಡು, ಬಿಲ್ವ ಮಾರೇಡು, ಎಲಚಿ ರೇಗು. ಉತ್ತರಾಣಿ ಮಾತ್ರ ಉತ್ತರೇಣಿಯಾಗಿ ಹತ್ತಿರವೇ ಉಳಿದಿದೆ. ಶಮಿ ಇಲ್ಲಿ ಜಮ್ಮಿ, ತೆಲಂಗಾಣದ ರಾಜ್ಯವೃಕ್ಷವೂ ಹೌದು. ನಮ್ಮಲ್ಲಿ ಬನ್ನಿ ಎಂದರೆ ಕೆಲವು ಕಡೆ ಇದೇ ಜಮ್ಮಿ, ಇನ್ನು ಕೆಲವು ಕಡೆ ಅದರ ದೂರದ ನೆಂಟನಾದ ಬೇರೊಂದು ಮುಳ್ಳುಮರ. ಮಹಾರಾಷ್ಟ್ರದವರು ದಸರೆಗೆ ‘ಬಂಗಾರ’ ಎಂದು ಹಂಚುವುದು ಆಪಟಾ ಎಂಬ ಮರದ ಎಲೆ. ಜಮ್ಮಿಯದು ಗರಿಯೊಳಗೆ ಗರಿಯಿರುವ ಪುಟ್ಟ ಪುಟ್ಟ ಎಲೆ, ಆಪಟಾದ್ದು ನಡುವೆ ಸೀಳಿದ ಜೋಡಿ ಎಲೆ. ಹಬ್ಬ ಒಂದು, ಮಾತು ಒಂದು, ಎಲೆ ಬೇರೆ.

ಇಪ್ಪತ್ತೊಂದರ ಪಟ್ಟಿಯಲ್ಲೇ ಜಗಳವಿರುವ ಹೆಸರುಗಳಿವೆ. ‘ಗಂಡಕೀ’ ಎಂದರೆ ಒಂದು ಪುಸ್ತಕ ಒಂದು ಗಿಡ ಹೇಳಿದರೆ ಇನ್ನೊಂದು ಪುಸ್ತಕ ಬೇರೆ ಹೇಳುತ್ತದೆ. ‘ದೇವದಾರು’ ಹಿಮಾಲಯದ್ದು, ಅದಕ್ಕೆ ಸೂಜಿಯಂಥ ಎಲೆ. ದಕ್ಷಿಣದ ಕುರುಚಲು ಕಾಡಿನಲ್ಲಿ ಅದೇ ಹೆಸರು ಹೊತ್ತ ಇನ್ನೊಂದು ಗಿಡವಿದೆ, ಅದಕ್ಕೆ ಚಿಕ್ಕ ಅಗಲ ಎಲೆ. ಬಂಗಾಳಿಗಳು ದೇವದಾರು ಎನ್ನುವುದು ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಸಾಲಾಗಿ ನಿಂತಿರುವ, ಅಂಚು ಅಲೆಯಲೆಯಾದ ಉದ್ದ ಎಲೆಯ ಮರವನ್ನು. ನಾವು ಅದನ್ನು ಅಶೋಕ ಎಂದುಕೊಂಡಿದ್ದೇವೆ, ಅದು ಸೀತೆಯ ಅಶೋಕವೂ ಅಲ್ಲ! ಎಲೆ ಹೇಗಿರುತ್ತದೆಂದು ಪಟ್ಟಿ ಮಾಡಿದವರು ಜೊತೆಗೆ ಬರೆದಿದ್ದರೆ ಈ ಗೊಂದಲ ಇರುತ್ತಿರಲಿಲ್ಲ. ಆ ಕಾಲದಲ್ಲಿ ಬರೆಯುವ ಅಗತ್ಯ ಅವರಿಗೆ ಕಂಡಿರಲಾರದು. ಎಲೆಯನ್ನು ಮನೆಯಲ್ಲೇ ಕೈಯಿಂದ ಕೈಗೆ ಕಲಿಸುತ್ತಿದ್ದರು.

ಹೆಸರಿನೊಳಗೇ ಎಲೆ

ಹಾಗೆಂದು ನಮ್ಮ ಹಿರಿಯರು ಎಲೆಯ ಆಕಾರವನ್ನು ಗಮನಿಸಲಿಲ್ಲ ಎಂದಲ್ಲ, ಅದನ್ನು ಹೆಸರಿನೊಳಗೇ ಅಡಗಿಸಿಟ್ಟರು. ಹಾಲೆ ಮರ ಸಂಸ್ಕೃತದಲ್ಲಿ ಸಪ್ತಪರ್ಣ, ಗೆಣ್ಣಿಗೆ ಏಳರಂತೆ ಎಲೆ ಎಂದು. ಎಣಿಸಿದರೆ ನಾಲ್ಕೂ ಇರುತ್ತದೆ, ಏಳಕ್ಕಿಂತ ಹೆಚ್ಚೂ ಇರುತ್ತದೆ, ಆದರೆ ಕೊಡೆಯಂತೆ ಸುತ್ತುವರಿದಿರುವುದು ಖಚಿತ. ದಶಮೂಲದಲ್ಲಿ ಬರುವ ಶಾಲಪರ್ಣಿ ಎಂದರೆ ಸಾಲವೃಕ್ಷದಂಥ ಎಲೆಯದು. ಕನ್ನಡದ ಒಂದೆಲಗ ಗೆಣ್ಣಿನಿಂದ ಮೇಲೆದ್ದು ನಿಂತ ಒಂಟಿ ಎಲೆಯಂತೆ ಕಾಣುತ್ತದೆ. ಇಲಿಕಿವಿ ಸೊಪ್ಪಿಗೆ ಇಲಿಯ ಕಿವಿಯದೇ ಆಕಾರ. ನೆಲನೆಲ್ಲಿ ಎಂದರೆ ನೆಲದ ಮೇಲೇ ಬೆಳೆದ ನೆಲ್ಲಿಯೆಲೆ. ಬಸವನಪಾದದ ಎಲೆ ಎತ್ತಿನ ಸೀಳು ಗೊರಸಿನಂತೆ. ಇವೆಲ್ಲ ಓದು ಬರಹ ಬಾರದವರೂ ನೆನಪಿಡಬಹುದಾದ ವರ್ಣನೆಗಳು.

ಬರೆದಿಟ್ಟದ್ದೂ ಉಂಟು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ಅದರಲ್ಲಿ ಗಿಡಮರಗಳ ಆರೈಕೆ, ಅಡುಗೆ, ಮದ್ದು ಎಲ್ಲ ಇವೆ. ನಮಗೆ ಹೆಮ್ಮೆಯ ವಿಷಯವೆಂದರೆ ಅದರ ಇಂಗ್ಲಿಷ್ ಅನುವಾದ 2006ರಲ್ಲಿ ಪ್ರಕಟವಾದದ್ದು ನಮ್ಮ ಪಕ್ಕದ ಸಿಕಂದರಾಬಾದಿನ ಏಷಿಯನ್ ಅಗ್ರಿ-ಹಿಸ್ಟರಿ ಫೌಂಡೇಶನ್‌ನಿಂದ. 14ನೇ ಶತಮಾನದಲ್ಲಿ ಮಂಗರಾಜ ವಿಷ ಮತ್ತು ವಿಷಪರಿಹಾರದ ಬಗ್ಗೆಯೇ ‘ಖಗೇಂದ್ರಮಣಿದರ್ಪಣ’ ಬರೆದ. ಇಂಥ ಗ್ರಂಥಗಳು ಗಿಡದ ಹೆಸರನ್ನೂ ಗುಣವನ್ನೂ ಹೇಳುತ್ತವೆ. ಗಿಡ ಯಾವುದೆಂದು ಓದುಗನಿಗೆ ಮೊದಲೇ ಗೊತ್ತು ಎಂಬ ನಂಬಿಕೆ ಅವುಗಳ ಹಿಂದಿದೆ. ಊರು ಬಿಟ್ಟವರ ಕಷ್ಟ ಶುರುವಾಗುವುದು ಅಲ್ಲೇ.

ಗುರಾಣಿಯಷ್ಟು ದೊಡ್ಡ ಆಲದೆಲೆ

ಕಾಣದವರಿಗೆ ಮಾತಿನಲ್ಲೇ ಎಲೆ ತೋರಿಸುವುದು ಎಷ್ಟು ಕಷ್ಟ ಎನ್ನಲು ಒಂದು ಹಳೆಯ ಉದಾಹರಣೆ. ಗ್ರೀಸಿನ ಥಿಯೋಫ್ರಾಸ್ಟಸ್, ಅರಿಸ್ಟಾಟಲನ ಶಿಷ್ಯ, ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಹುಟ್ಟಿದವನು. ಅವನನ್ನು ಸಸ್ಯಶಾಸ್ತ್ರದ ಪಿತಾಮಹ ಎನ್ನುತ್ತಾರೆ. ಎಲೆಗಳು ದುಂಡಗೆ, ಉದ್ದಕ್ಕೆ, ಅಂಚು ಸೀಳಿಕೊಂಡು ಹೇಗೆಲ್ಲ ಇರುತ್ತವೆ ಎಂದು ವಿಂಗಡಿಸಿ ಬರೆದ. ಅವನು ಭಾರತಕ್ಕೆ ಬಂದವನಲ್ಲ. ಅಲೆಕ್ಸಾಂಡರನ ದಂಡಿನವರು ಕಂಡುಬಂದು ಹೇಳಿದ್ದರ ಮೇಲೆ ನಮ್ಮ ಆಲದ ಮರವನ್ನು ವರ್ಣಿಸಿದ. ಬಿಳಲು ಇಳಿದು ಬೇರೂರುವುದು, ಹಣ್ಣು ಬಲು ಚಿಕ್ಕದಿರುವುದು ಎಲ್ಲ ಸರಿಯಾಗಿದೆ. ಎಲೆ ಮಾತ್ರ ಗುರಾಣಿಯಷ್ಟು ದೊಡ್ಡದು ಎಂದ! ಬಾಳೆಯ ಎಲೆಯ ವರ್ಣನೆ ಆಲಕ್ಕೆ ಬೆರೆತುಹೋಗಿರಬೇಕು ಎಂದು ವಿದ್ವಾಂಸರ ಊಹೆ. ಮರ ಕಂಡವರು ಬರೆಯಲಿಲ್ಲ, ಬರೆದವನು ಮರ ಕಾಣಲಿಲ್ಲ.

ಈ ಎರಡೂ ಕೂಡಿ ನಡೆದ ದೊಡ್ಡ ಕೆಲಸ ನಮ್ಮ ಪಶ್ಚಿಮ ಕರಾವಳಿಯಲ್ಲೇ ಆಯಿತು. ಕೊಚ್ಚಿಯಲ್ಲಿ ಡಚ್ಚರ ಆಡಳಿತಗಾರನಾಗಿದ್ದ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳನ್ನು ಗುರುತಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ ಮತ್ತು ಮೂವರು ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಕೊಂಕಣಿ ವೈದ್ಯರು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದ ಪತ್ರ ಮೊದಲ ಸಂಪುಟದಲ್ಲೇ ಇದೆ. ಎಲೆಯ ಅಂಚು, ನರ, ತೊಟ್ಟು ಎಲ್ಲ ಕಾಣುವಂತೆ ದೊಡ್ಡ ಚಿತ್ರ, ಜೊತೆಗೆ ಬೇರೆ ಬೇರೆ ಲಿಪಿಗಳಲ್ಲಿ ಸ್ಥಳೀಯ ಹೆಸರು. ಕನ್ನಡ ಕರಾವಳಿಯ ಎಷ್ಟೋ ಗಿಡಗಳು ಕಾಗದದ ಮೇಲೆ ಹೀಗೆ ಮೊದಲ ಬಾರಿ ಸ್ಪಷ್ಟವಾಗಿ ಮೂಡಿದವು.

ಬಸವನಪಾದ ಮತ್ತು ಇಬ್ಬರು ಅಣ್ಣತಮ್ಮಂದಿರು

ಹೆಸರಿನ ಗೊಂದಲ ನಮ್ಮೊಬ್ಬರದೇ ಅಲ್ಲ. ಯುರೋಪಿನಲ್ಲೂ ಒಂದೇ ಗಿಡಕ್ಕೆ ಒಬ್ಬೊಬ್ಬ ಪಂಡಿತನದು ಒಂದೊಂದು ಹೆಸರು. ಸ್ವಿಟ್ಜರ್‌ಲೆಂಡಿನ ಗಾಸ್ಪರ್ ಬೌಹಿನ್ 1623ರಲ್ಲಿ ಸುಮಾರು 6,000 ಗಿಡಗಳಿಗೆ ಯಾರು ಯಾರು ಏನೇನು ಹೆಸರಿಟ್ಟಿದ್ದಾರೆ ಎಂದು ತಾಳೆ ನೋಡಿ ಒಂದು ಪುಸ್ತಕ ಮಾಡಿದ. ಅವನ ಅಣ್ಣ ಜಾನ್ ಬೌಹಿನನೂ ಸಸ್ಯಶಾಸ್ತ್ರಜ್ಞ. ಮುಂದೆ ಸ್ವೀಡನ್ನಿನ ಲಿನೇಯಸ್ ಈ ಅಣ್ಣತಮ್ಮಂದಿರ ಹೆಸರು ಉಳಿಯಲೆಂದು ಒಂದು ಜಾತಿಯ ಗಿಡಗಳಿಗೆ ‘ಬೌಹಿನಿಯಾ’ ಎಂಬ ಹೆಸರನ್ನು ಸ್ಥಿರಪಡಿಸಿದ. ಯಾವ ಜಾತಿ ಗೊತ್ತೇ? ನಮ್ಮ ಬಸವನಪಾದದ್ದು, ಮಂದಾರದ್ದು, ದಸರೆಯ ಆಪಟಾದ್ದು. ಒಂದೇ ತೊಟ್ಟಿನಲ್ಲಿ ಎರಡು ಭಾಗವಾದ ಎಲೆ, ಒಂದೇ ಮನೆಯ ಇಬ್ಬರು ಸೋದರರು. ಹೆಸರಿನ ಜಗಳ ಬಿಡಿಸಿದವನ ಸ್ಮಾರಕ ಹೆಸರಿನ ಜಗಳವಿರುವ ನಮ್ಮ ದಸರೆಯಲ್ಲೇ ಇದೆ.

ಲಿನೇಯಸ್ 1737ರ ಹೊತ್ತಿಗೆ ಹಾಲೆಂಡಿನ ಒಬ್ಬ ಶ್ರೀಮಂತನ ತೋಟದ ಗಿಡಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಎಲೆಯ ಆಕಾರಗಳದ್ದೇ ಚಿತ್ರಪಟ ಕೊಟ್ಟ. ಹೃದಯದಂತೆ, ಮೊಟ್ಟೆಯಂತೆ, ಭರ್ಜಿಯಂತೆ, ಅಂಗೈಯಂತೆ ಎಂದು ಪ್ರತಿ ಆಕಾರಕ್ಕೂ ಒಂದೇ ಖಚಿತ ಪದ. 1751ರ ಪುಸ್ತಕದಲ್ಲಿ ಆ ಪರಿಭಾಷೆಯನ್ನು ಇನ್ನೂ ಬಿಗಿಮಾಡಿದ, 1753ರಲ್ಲಿ ಗಿಡಗಳಿಗೆ ಎರಡೆರಡು ಪದದ ಹೆಸರು ಕೊಟ್ಟ. ಅವನೂ ಭಾರತ ನೋಡಿದವನಲ್ಲ. ಇಲ್ಲಿನ ಎಷ್ಟೋ ಗಿಡಗಳಿಗೆ ಆ ಕೊಚ್ಚಿಯ ಪುಸ್ತಕದ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡ. ಶಾಲೆಯಲ್ಲಿ ನಾವು ಓದಿದ ‘ಹೃದಯಾಕಾರ’, ‘ಭರ್ಜಿಯಾಕಾರ’, ‘ಹಸ್ತಾಕಾರ’ ಎಂಬ ಪದಗಳು ಆ ಪರಿಭಾಷೆಯ ಕನ್ನಡ ರೂಪಗಳೇ. ನಾನು ಸಂತೆಯಲ್ಲಿ ಅಂಗೈ ಬಿಡಿಸಿ ತೋರಿಸಿದೆನಲ್ಲ, ಅದೂ ಹಸ್ತಾಕಾರವೇ!

ನಮ್ಮೂರಿನ ದಿನಕ್ಕೊಂದು ಗಿಡ

ಇದನ್ನೆಲ್ಲ ಓದುವಾಗ ನನ್ನ ಊರೇ ಎದುರಾಯಿತು. ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್‌ಲೆಂಡ್ ಮೂಲದ ವೈದ್ಯ 1840ರ ದಶಕದ ಮಧ್ಯದಲ್ಲಿ ಶಿವಮೊಗ್ಗದಲ್ಲಿದ್ದ. ಒಬ್ಬ ಚಿತ್ರಕಾರನನ್ನಿಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ಮುಂದೆ ಇವನೇ ಮದರಾಸು ಪ್ರಾಂತದ ಅರಣ್ಯ ಇಲಾಖೆಯನ್ನು ಕಟ್ಟಿದ. ಆ ಚಿತ್ರಗಳು ಇಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬರೆದವನು ‘ಮರಾಠಿ ಚಿತ್ರಕಾರ’ ಎಂದಷ್ಟೇ ಗುರುತಾಗಿ ಉಳಿದ. ಅದೇ ಕಾಲದಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯಜ್ಞನಿಗೆ ಸಾವಿರಾರು ಚಿತ್ರ ಬರೆದುಕೊಟ್ಟ ರಂಗಯ್ಯ, ಗೋವಿಂದು ಇವರ ಹೆಸರಾದರೂ ಉಳಿಯಿತು. ಗೋವಿಂದುವಿನ ಹೆಸರನ್ನು ವೈಟ್ ಒಂದು ಆರ್ಕಿಡ್ ಜಾತಿಗೇ ಇಟ್ಟ.

ಆ ಚಿತ್ರಕಾರನಿಗೆ ದಿನಕ್ಕೊಂದು ಗಿಡ ಕಿತ್ತು ತಂದುಕೊಟ್ಟವರು ಯಾರಿರಬಹುದು? ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುತ್ತಿದ್ದವರಲ್ಲಿ ನಮ್ಮ ಕಡೆ ಹೆಂಗಸರೇ ಹೆಚ್ಚು. ನನ್ನ ಅಜ್ಜಿ ಶಾಲೆಗೆ ಹೋದವಳಲ್ಲ. ಆದರೆ ಕಣಗಿಲೆಯನ್ನು ಅವಳು ತೋರಿಸಿದ ರೀತಿ ನನಗೆ ಇಂದಿಗೂ ನೆನಪಿದೆ: “ಒಂದು ಗೆಣ್ಣಿಗೆ ಮೂರು, ದನ ಮುಟ್ಟಲ್ಲ, ನೀನೂ ಮುಟ್ಟಬೇಡ.” ಆಕಾರ, ಜೋಡಣೆ, ಎಚ್ಚರಿಕೆ ಎಲ್ಲ ಒಂದೇ ಉಸಿರಿನಲ್ಲಿ. ಆ ಬೆಳಿಗ್ಗೆ ಗೆಳತಿಯ ಅಡುಗೆಮನೆಯಲ್ಲಿ ಕೆಲಸಕ್ಕೆ ಬಂದದ್ದು ನಾನು ಓದಿದ ಯಾವ ಪುಸ್ತಕವೂ ಅಲ್ಲ, ಆ ಮಾತು.

20ನೇ ಶತಮಾನದಲ್ಲಿ ಕರ್ನಾಟಕದ ಗಿಡಗಳನ್ನು ಶಾಸ್ತ್ರೀಯವಾಗಿ ಗುರುತಿಸುವ ಕೆಲಸಕ್ಕೆ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನಾ ದೊಡ್ಡ ಹೆಸರು. ಅವರೂ ನಿಕಲ್ಸನ್ ಅವರೂ ಸೇರಿ ಹೊರತಂದ ಹಾಸನ ಜಿಲ್ಲೆಯ ಸಸ್ಯಕೋಶ 1976ರದು. ಸಾಮಾನ್ಯ ಓದುಗರಿಗೆ ಗಿಡ ನೋಡುವ ಕಣ್ಣು ಕೊಟ್ಟವರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ನಮ್ಮ ಹಾಗೇ ಹೊರನಾಡ ಕನ್ನಡಿಗರು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದವರು. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವದ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನೂ ಓದದವರು ಅದನ್ನು ಖಂಡಿತ ಓದಿ.

ಕತ್ತಲಲ್ಲಿ ತೊಗಟೆ

ಎಲೆ ನೋಡದೆ ಹೋದರೆ ಆಗುವ ಅಪಾಯ ನಗರದವರಿಗೆ ಮಾತ್ರ ಅಲ್ಲ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವ ಸಂಪ್ರದಾಯವಿದೆ. ಕತ್ತಲಲ್ಲಿ ತೊಗಟೆಯೊಂದನ್ನೇ ನಂಬಿ, ಹಾಲೆಯ ಬದಲು ಕಾಸರಕದ ಮರಕ್ಕೆ ಕೈಹಾಕಿದರೆ ಪ್ರಾಣಕ್ಕೇ ಸಂಚಕಾರ, ಏಕೆಂದರೆ ಕಾಸರಕ ಘೋರ ವಿಷ. ಎಲೆ ನೋಡಿದರೆ ಗೊಂದಲಕ್ಕೆ ಎಡೆಯೇ ಇಲ್ಲ. ಹಾಲೆಯದು ಗೆಣ್ಣಿನ ಸುತ್ತ ಕೊಡೆಯಂತೆ ಎಲೆ, ಮುರಿದರೆ ಹಾಲು. ಕಾಸರಕದ್ದು ಎದುರುಬದುರು ಎರಡೇ ಎಲೆ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ, ಹಾಲಿಲ್ಲ. ಬಲ್ಲವರು ಹಿಂದಿನ ದಿನ ಬೆಳಕಿರುವಾಗಲೇ ಮರ ನೋಡಿ ಗುರುತಿಟ್ಟುಕೊಳ್ಳುತ್ತಾರೆ.

ಮನೆಯಲ್ಲಿ ಕಲಿಸಬಹುದಾದದ್ದು

ಫ್ರಾನ್ಸಿನ ಲಮಾರ್ಕ್ 18ನೇ ಶತಮಾನದ ಕೊನೆಯಲ್ಲಿ ಒಂದು ಸುಲಭ ದಾರಿ ಜನಪ್ರಿಯ ಮಾಡಿದ. ಗಿಡದ ಮುಂದೆ ನಿಂತು ಹೌದೋ ಅಲ್ಲವೋ ಎಂಬ ಪ್ರಶ್ನೆ ಒಂದಾದ ಮೇಲೊಂದು ಕೇಳುತ್ತ ಹೋಗುವುದು. ಇಂದಿಗೂ ಸಸ್ಯಕೋಶಗಳು ಅದನ್ನೇ ಬಳಸುತ್ತವೆ. ಪತ್ರೆಯ ಕಟ್ಟು ಬಿಚ್ಚಿದಾಗ ನಾನು ಮಕ್ಕಳಿಗೆ ಕೇಳುವ ಪ್ರಶ್ನೆಗಳು ಇವು.

ಗೆಣ್ಣಿಗೆ ಎಷ್ಟು ಎಲೆ? ಮಾವಿನದು ಒಂದೊಂದೇ, ಎಕ್ಕದ್ದು ಎದುರುಬದುರು ಎರಡು, ಕಣಗಿಲೆಯದು ಸಾಮಾನ್ಯವಾಗಿ ಮೂರು.

ಇದು ಒಂದೇ ಎಲೆಯೋ, ಬಿಡಿ ಎಲೆಗಳ ಗುಂಪೋ? ಮೊಗ್ಗು ಎಲ್ಲಿದೆ ನೋಡಿ. ಎಲೆಯ ತೊಟ್ಟಿನ ಕಂಕುಳಲ್ಲಿ ಮೊಗ್ಗಿರುತ್ತದೆ, ಒಳಗಿನ ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಆ ಲೆಕ್ಕದಲ್ಲಿ ಬಿಲ್ವದ ಮೂರು ದಳ ಸೇರಿ ಒಂದೇ ಎಲೆ. ಒಗ್ಗರಣೆಗೆ ಹಾಕುವ ಕರಿಬೇವಿನ ಒಂದು ಗರಿಯೂ ಒಂದೇ ಎಲೆ!

ಅಂಚು, ತುದಿ, ಬುಡ ಹೇಗಿದೆ? ಅರಳಿಗೆ ಹೃದಯದ ಆಕಾರ, ಬಾಲದಂಥ ತುದಿ. ದತ್ತೂರಿಯ ಅಂಚು ಅಂಕುಡೊಂಕು, ಬುಡದ ಎರಡು ಬದಿ ಸಮನಾಗಿರುವುದಿಲ್ಲ.

ಬೆನ್ನು, ನರ, ವಾಸನೆ? ಎಲಚಿಗೆ ಬುಡದಿಂದ ಮೂರು ನರ, ಬೆನ್ನು ಬಿಳಿ. ಮಾಚಿಪತ್ರೆ ಸೀಳು ಸೀಳು, ಬೆನ್ನು ಬಿಳಿ, ಘಮಘಮ.

ಎಲೆಯೊಂದನ್ನೇ ಪೂರ್ತಿ ನಂಬುವಂತಿಲ್ಲ ಎಂಬುದನ್ನೂ ಹೇಳಬೇಕು. ಹಲಸಿನ ಎಳೆಗಿಡದ ಎಲೆ ಸೀಳಿಕೊಂಡಿರುತ್ತದೆ, ದೊಡ್ಡ ಮರದ್ದು ಹಾಗಿರುವುದಿಲ್ಲ. ಅದಕ್ಕೇ ಲಿನೇಯಸ್ ಗಿಡಗಳನ್ನು ವರ್ಗ ಮಾಡಿದ್ದು ಹೂವಿನ ಭಾಗಗಳಿಂದ, ವರ್ಣಿಸುವಾಗ ಎಲೆಯನ್ನು ಬಳಸಿದ. ಆದ್ದರಿಂದ ಅನುಮಾನ ಬಂದ ಎಲೆ ಬಾಯಿಗೆ ಬೇಡ. ರುಚಿ ನೋಡಿ ಪರೀಕ್ಷಿಸುವುದಂತೂ ಬೇಡವೇ ಬೇಡ. ಪ್ರತಿ ವರ್ಷ ಹಬ್ಬಕ್ಕೆ ‘ಇಪ್ಪತ್ತೊಂದು ಪತ್ರೆಯೂ ದಿವ್ಯೌಷಧ’ ಎಂದು ಮೊಬೈಲಿಗೆ ಬರುವ ಸಂದೇಶವನ್ನು ಮುಂದೆ ಕಳಿಸುವ ಮೊದಲು ಆ ಪಟ್ಟಿಯಲ್ಲಿ ಕಣಗಿಲೆ, ದತ್ತೂರಿ, ಎಕ್ಕ ಮೂರೂ ಇವೆ ಎಂಬುದು ನೆನಪಿರಲಿ. ದೇವರಿಗೆ ಏರಿಸುವುದು ಬೇರೆ, ಕಷಾಯಕ್ಕೆ ಹಾಕುವುದು ಬೇರೆ.

ಮರಾಠಿಯವರೂ ಹಿಂದಿಯವರೂ ಎಲ್ಲಿ ಹೋದರೂ ಬದಲಾಗದ್ದಕ್ಕೆ ಮುತ್ತುಗದ ಮೂರೆಲೆಯನ್ನು ಹೋಲಿಸುತ್ತಾರೆ. ಅವರು ಅದನ್ನು ಬೇಸರದಿಂದ ಹೇಳುತ್ತಾರೆ. ಊರು ಬಿಟ್ಟು ಬಂದ ನನಗೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ. ಮುತ್ತುಗ ಇಲ್ಲಿ ಮೋದುಗವಾಯಿತು, ಎಲೆ ಅದೇ ಮೂರು.

ನನ್ನ ಗೆಳತಿ ಈಗ ಪತ್ರೆಯ ಕಟ್ಟು ತಂದ ತಕ್ಷಣ ಹಳೆಯ ಪೇಪರಿನ ಮೇಲೆ ಒಂದೊಂದೇ ಎಲೆ ಹರಡಿ, ಪಕ್ಕದಲ್ಲಿ ಕನ್ನಡ ಹೆಸರು, ತೆಲುಗು ಹೆಸರು ಬರೆಯುತ್ತಾಳೆ. ವಿಷದವುಗಳಿಗೆ ಕೆಂಪು ಗೆರೆ. ಕಳೆದ ವರ್ಷ ಕಟ್ಟಿನಲ್ಲಿ ಅವಳಿಗೆ ಸಿಕ್ಕಿದ್ದು ಹದಿಮೂರು, ಉಳಿದದ್ದು ಯಾವ್ಯಾವುದೋ ಸೊಪ್ಪು. ಮಗ ಗೆಣ್ಣು ಎಣಿಸುತ್ತಾನೆ. ಬರುವ ಹಬ್ಬಕ್ಕೆ ನಮ್ಮ ಮಹಿಳಾ ವೇದಿಕೆಯಿಂದಲೂ ಹೀಗೊಂದು ಹಾಳೆ ಮಾಡೋಣ. ಒಬ್ಬೊಬ್ಬರು ಖಚಿತವಾಗಿ ಬಲ್ಲ ಒಂದೊಂದು ಎಲೆ ತನ್ನಿ, ನಿಮ್ಮ ಅಜ್ಜಿ 그ುರುತು ಹೇಳಿದ ಮಾತು ನೆನಪಿದ್ದರೆ ಅದನ್ನೂ ತನ್ನಿ.